ಗಾಡಿಕೊಪ್ಪದ ರಾತ್ರಿ ಪಾಳಿ

ಹೆಸರು ಕೇಳಿದೆ. ಹುಚ್ಚಪ್ಪ, ಅಂದ.
ಪೆನ್ನು ಎತ್ತಿ ಅವನ ಮುಖ ನೋಡಿದೆ.
‘ನಿಜವಾದ ಹೆಸರೇ ಅಕ್ಕಾ. ಶಿಕಾರಿಪುರದ
ಹುಚ್ಚರಾಯನಿಗೆ ಹರಕೆ ಹೊತ್ತು ಹೆತ್ತವಳು ನಮ್ಮವ್ವ.
ಪಲ್ಟನ್ನಿನಲ್ಲಿ ಯಾರಿಗೂ ಅರ್ಥ ಗೊತ್ತಿರಲಿಲ್ಲ,
ಹದಿನೇಳು ವರ್ಷ ಸುಖವಾಗಿದ್ದೆ ಆ ಹೆಸರಿನಲ್ಲಿ.
ಊರಿಗೆ ಬಂದಮೇಲೆ ಶುರುವಾಯ್ತು:
ಕರೆಯುತ್ತಿದ್ದಾರೋ, ಬೈಯುತ್ತಿದ್ದಾರೋ.’

ಲ್ಯಾನ್ಸ್ ನಾಯಕ್ ಹುಚ್ಚಪ್ಪ ಎಂದು ಬರೆದುಕೊಂಡೆ.
ಖಾಯಂ ವಿಳಾಸ: ರೈಲ್ವೆ ಸ್ಟೇಷನ್ನು, ಎರಡನೇ ಪ್ಲಾಟ್‌ಫಾರಂ,
ಕುಡಿಯುವ ನೀರಿನ ನಲ್ಲಿಯ ಪಕ್ಕ.
ಎಷ್ಟು ಕಾಲದಿಂದ?
‘ಆ ನಲ್ಲಿ ಎರಡು ಸಲ ಬದಲಾಯ್ತು.’

ಈ ಮನೆ ಮೊದಲು ಟೈಪಿಂಗ್ ಕಲಿಸುವ ಶಾಲೆ.
ಈಗ ಏಳು ಕೋಣೆ, ಏಳು ಬೀಗ,
ಕೀಲಿ ಅವರವರ ಜೇಬಿನಲ್ಲಿ.
ಕುಡಿತ ಬಿಟ್ಟು ಬಾ, ಆಮೇಲೆ ಕೋಣೆ ಎನ್ನುವುದಿಲ್ಲ ನಾವು.
ಮೊದಲು ಬಾಗಿಲು. ಉಳಿದದ್ದು ನಿಧಾನ.
ಮಂಗಳವಾರ ಮೆಗ್ಗಾನ್ ಆಸ್ಪತ್ರೆಯಿಂದ ಡಾಕ್ಟರಮ್ಮ ಬರುತ್ತಾರೆ,
ಮಾತ್ರೆ ಬರೆಯುವ ಮೊದಲು
ಒಂದು ಲೋಟ ಕಾಫಿ ಪೂರ್ತಿ ಕುಡಿಯುತ್ತಾರೆ, ಎದುರು ಕೂತು.

ಹುಚ್ಚಪ್ಪ ಬೀಗ ತೆಗೆದ.
ಮಂಚದ ಮೇಲೆ ತನ್ನ ಚೀಲ ಮಲಗಿಸಿದ, ರಗ್ಗು ಹೊದಿಸಿದ,
ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತ,
ಬೂಟು ಹಾಕಿಕೊಂಡೇ, ಬೆಳಕು ಹರಿಯುವವರೆಗೆ.
ಎಂಬತ್ತಮೂರು ರಾತ್ರಿ ನಾನು ರಿಜಿಸ್ಟರಿನಲ್ಲಿ
‘ನಿದ್ದೆ’ ಎಂಬಲ್ಲಿ ಒಂದು ಗೀಟು ಎಳೆದೆ.

ಗಣಪತಿ ಬಿಡುವ ದಿನ, ಪಟಾಕಿಯ ಹೊತ್ತಿಗೆ,
ಎಲ್ಲರೂ ಅಡುಗೆಮನೆಯಲ್ಲಿ. ರೇಡಿಯೋ ಜೋರಾಗಿ,
ನಡುವೆ ಚಾಪೆಯ ಮೇಲೆ ಎರಡು ಸೇರು ಬೆಳ್ಳುಳ್ಳಿ.
ಸುಲಿಯುತ್ತಾ ಒಂದೇ ಸಲ ಹೇಳಿದ:
ಹಿಮದಲ್ಲಿ ಹೋದದ್ದು ಎರಡು ಬೆರಳು, ಕಾಗದದಲ್ಲಿದೆ.
ಆ ರಾತ್ರಿ ಕಾವಲು ತನ್ನದು. ರೆಪ್ಪೆ ಅಂಟಿದ್ದು
ಐದು ನಿಮಿಷ. ಗುಡ್ಡ ಜಾರಿದ್ದು ಆಗಲೇ.
ಡೇರೆಯೊಳಗೆ ಮೂವರು.
ಅದು ಕಾಗದದಲ್ಲಿಲ್ಲ.
ರೊಸಾರಿಯೋ ಸಿಪ್ಪೆಗಳನ್ನು ಒಟ್ಟು ಮಾಡಿ
ಅವನ ಮುಂದಿನ ರಾಶಿಗೆ ಇನ್ನಷ್ಟು ಬೆಳ್ಳುಳ್ಳಿ ಸುರಿದ.

ನವೆಂಬರಿನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ.
ಬ್ಯಾಂಕಿನ ಯಂತ್ರ ಅವನ ಹೆಬ್ಬೆಟ್ಟನ್ನು ನಂಬಲಿಲ್ಲ.
ಒರೆಸಿ ಇಟ್ಟ. ಊದಿ ಇಟ್ಟ. ಮೂರು ಸಲವೂ ಕೆಂಪು ದೀಪ.
‘ನಾಳೆ ಬನ್ನಿ’ ಅಂದಳು ಗಾಜಿನ ಆಚೆಯ ಹುಡುಗಿ.
ಹುಚ್ಚಪ್ಪ ನನ್ನ ಕಡೆ ತಿರುಗಿ ನಕ್ಕ,
‘ಇದಕ್ಕೂ ಅನುಮಾನ ಇದೆ ನೋಡಿ.’

ಆ ನಗು ನನಗೆ ಸೇರಲಿಲ್ಲ.
ಸಂಜೆ ಒಂದು ಡ್ರಾಯಿಂಗ್ ಹಾಳೆ ತಂದು ಗೆರೆ ಹಾಕಿದೆ:
ಹತ್ತರಿಂದ ಹನ್ನೆರಡು ದೇವ್ಲಾ ನಾಯ್ಕ,
ಹನ್ನೆರಡರಿಂದ ಎರಡು ರೊಸಾರಿಯೋ,
ಎರಡರಿಂದ ನಾಲ್ಕು ಹುಚ್ಚಪ್ಪ,
ಆಮೇಲೆ ಹಾಲಿನವನು ಬರುವವರೆಗೆ ನಾನು.
ಒಂದು ಟಾರ್ಚು, ಒಂದು ಸೀಟಿ, ಒಂದು ಪ್ಲಾಸ್ಟಿಕ್ ಕುರ್ಚಿ.
ಕಾಯುವಂಥದ್ದು ಈ ಮನೆಯಲ್ಲಿ ಏನೂ ಇಲ್ಲ,
ಗ್ಯಾಸ್ ಸಿಲಿಂಡರ್ ಬಿಟ್ಟರೆ.
ಡಾಕ್ಟರಮ್ಮ ಹಾಳೆ ಓದಿದರು. ಯಾವ ಪುಸ್ತಕದಲ್ಲಿದೆ ಇದು
ಎಂದು ಕೇಳಲಿಲ್ಲ. ಗೋಡೆಗೆ ಅಂಟಿಸಲು ಟೇಪು ಕೇಳಿದರು.

‘ನಿನಗೆ ನಿದ್ದೆ ಬರಲ್ಲ ತಾನೇ?’
‘ಇಪ್ಪತ್ತು ವರ್ಷದಿಂದ ಬಂದಿಲ್ಲ ಮಾರಾಯ’ ಅಂದ ರೊಸಾರಿಯೋ,
‘ಹೋಗು, ಮಲಗು.’

ಬಾಗಿಲು ಮುಚ್ಚಿತು. ಬೂಟಿನ ಲೇಸು
ಒಂದೊಂದೇ ತೂತಿನಿಂದ ಹೊರಬರುವ ಸದ್ದು.
ಮಂಚದ ಮೇಲೆ ಈಗಲೂ ಚೀಲವೇ, ಅವನು ನೆಲದ ಮೇಲೆ.
ಇರಲಿ. ರಿಜಿಸ್ಟರಿನಲ್ಲಿ ಬರೆದೆ:
ಎರಡು ತಾಸು.
ಬರೆದು, ಮತ್ತೆ ಬಾಗಿಲಿಗೆ ಕಿವಿಯಿಟ್ಟು ಬಂದೆ.

ಇದು ಕಥೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು.
ಸಂಕ್ರಾಂತಿ ಕಳೆದು, ನಾಲ್ಕನೇ ಕೋಣೆಯ ಮಾಳಗಿ
ಬೀಡಿ ತರುತ್ತೇನೆಂದು ಹೋದವನು ಬಂದಿಲ್ಲ.
ಕೀಲಿ ಅವನ ಜೇಬಿನಲ್ಲೇ ಇದೆ.
ಬೀಗ ಬದಲಿಸಿ ಎಂದು ಕಮಿಟಿಯವರ ಎರಡನೇ ಪತ್ರ.
ಗೋಡೆಯ ಹಾಳೆಯಲ್ಲಿ ಅವನ ಹೆಸರು ಹೊಡೆದುಹಾಕಲು
ಪೆನ್ನು ತೆಗೆದವಳು ನಾನೇ.
ಹುಚ್ಚಪ್ಪ ಪೆನ್ನು ಇಸಕೊಂಡ,
ಮೂರು ಬೆರಳಲ್ಲಿ ಒತ್ತಿ ಹಿಡಿದು
ಮಾಳಗಿಯ ಹೆಸರಿನ ಮುಂದೆ, ನಿಧಾನ,
‘ರಜೆ’ ಎಂದು ಬರೆದ.